ಕೈ ತಾಳುವಷ್ಟು ಮದ್ದು: ದಂಡಿನ ದೊಡ್ಡ ರಿವಾಲ್ವರ್ ಮತ್ತು ಅದರ ತೋಟಾ

ದೊಡ್ಡ ನಳಿಗೆಯ ರಿವಾಲ್ವರಿಗೆ ತೋಟಾ ಆರಿಸುವವರಿಗೆ ಎರಡು ಬೇಡಿಕೆಗಳು ಒಟ್ಟಿಗೆ ಎದುರಾಗುತ್ತವೆ. ನುಗ್ಗಿ ಬರುವವನನ್ನು ತಡೆದು ನಿಲ್ಲಿಸುವಷ್ಟು ಬಲ ಗುಂಡಿಗೆ ಇರಬೇಕು. ಆ ಗುಂಡಿನ ಒದೆತವನ್ನು ತಾಳಿಕೊಂಡು, ಮರುಕ್ಷಣವೇ ಎರಡನೆಯ ಗುಂಡನ್ನೂ ಗುರಿಯಿಟ್ಟು ಹಾರಿಸುವಷ್ಟು ಹಿಡಿತ ಕೈಗೆ ಉಳಿಯಬೇಕು. ಬ್ರಿಟಿಷರ ಸೈನ್ಯದಲ್ಲಿ ಈ ಎರಡರ ತಕ್ಕಡಿ 1850ರ ದಶಕದಿಂದ 1930ರ ದಶಕದವರೆಗೆ ಹಲವು ಸಲ ಅತ್ತಿತ್ತ ತೂಗಿತು. ವಾದಕ್ಕೆ ಬೇಕಾದ ಅನುಭವ ಬಹುಪಾಲು ಹಿಂದೂಸ್ಥಾನದ ಕಾಳಗಗಳಿಂದಲೇ ಬಂದದ್ದು. ಅಂದು ಲಂಡನ್ನಿನಲ್ಲಿ ಆದ ತೀರ್ಮಾನಗಳು ಮೊದಲು ಬೆಂಗಳೂರಿನ ದಂಡಿನಂಥ ನೆಲೆಗಳಿಗೂ, ಆಮೇಲೆ ಪೊಲೀಸ್ ಠಾಣೆಗಳಿಗೂ ಬಂದವು. ಕೊನೆಗೆ ಸ್ವತಂತ್ರ ಭಾರತದ ಶಸ್ತ್ರಾಸ್ತ್ರ ನಿಯಮಗಳ ಒಳಗೂ ಸೇರಿ ಇಂದಿಗೂ ಉಳಿದಿವೆ.

ಶ್ರೀರಂಗಪಟ್ಟಣದ ಮಲೇರಿಯಾ ತಾಳಲಾರದೆ ಇಂಗ್ಲಿಷ್ ಸೈನ್ಯ ಬೆಂಗಳೂರಿಗೆ ಬಂದು 1809ರಲ್ಲಿ ದಂಡು ಕಟ್ಟಿತು. 1834ರಲ್ಲಿ ಮದ್ರಾಸ್ ಸ್ಯಾಪರ್ಸ್ ದಳ ಹಲಸೂರಿನ ಬಳಿ ನೆಲೆ ನಿಂತಿತು. ಇಂದಿನ ಮದ್ರಾಸ್ ಎಂಜಿನಿಯರ್ ಗ್ರೂಪ್ ಅದೇ. ಕೆರೆಯ ಸುತ್ತ ಬಾರಕುಗಳು, ಕವಾಯತು ಮೈದಾನ, ಅಧಿಕಾರಿಗಳ ಬಂಗಲೆಗಳು ಎದ್ದವು. ಅವುಗಳಿಂದ ಪೂರ್ವಕ್ಕೆ ಕಗ್ಗದಾಸಪುರ, ಬೈರಸಂದ್ರ, ನಾಗವಾರಪಾಳ್ಯದಂಥ ಕೆರೆ-ಹೊಲಗಳ ಹಳ್ಳಿಗಳಿದ್ದವು. ಇಂದು ಸಿ.ವಿ. ರಾಮನ್ ನಗರ ಎಂದು ಕರೆಯುವ ಪ್ರದೇಶ ಆ ಹಳ್ಳಿಗಳ ಸೀಮೆಯಲ್ಲಿ ಬೆಳೆದದ್ದು. ಸೈನ್ಯದ ಉಪಕರಣಗಳಲ್ಲಿ ಹೊಸದನ್ನು ಹುಟ್ಟಿಸುವ ವಾಡಿಕೆ ಈ ದಂಡಿಗೆ ಹಳೆಯದು. ಮುಳ್ಳುತಂತಿಯ ಬೇಲಿಯನ್ನು ದೂರದಿಂದಲೇ ಸಿಡಿಸುವ, ಜಗತ್ತಿನ ಸೈನ್ಯಗಳೆಲ್ಲ ಬಳಸಿದ ‘ಬ್ಯಾಂಗಲೋರ್ ಟಾರ್ಪೆಡೊ’ವನ್ನು ಕ್ಯಾಪ್ಟನ್ ಮೆಕ್ಲಿಂಟಾಕ್ 1912ರಲ್ಲಿ ರೂಪಿಸಿದ್ದು ಇಲ್ಲಿಯೇ. ರಿವಾಲ್ವರಿನ ವಿಷಯದಲ್ಲಿ ಮಾತ್ರ ದಂಡು ಬಳಸುವವರ ಊರಾಗಿತ್ತು. ಇಲ್ಲಿನ ಅಧಿಕಾರಿ ತನ್ನ ಸ್ವಂತ ದುಡ್ಡಿನಿಂದ ಪಿಸ್ತೂಲು ಕೊಳ್ಳುತ್ತಿದ್ದ, ಸೊಂಟದ ಮೇಲೆ ಹೊತ್ತು ತಿರುಗುತ್ತಿದ್ದ, ಅದರ ಒದೆತವನ್ನು ತನ್ನ ಮಣಿಕಟ್ಟಿನಲ್ಲೇ ಅನುಭವಿಸುತ್ತಿದ್ದ.

ಈ ಕಥೆ ನಿಜವಾಗಿ ಶುರುವಾಗುವುದು 1857ರ ಬಂಡಾಯದಲ್ಲಿ. ಆ ಹೊತ್ತಿಗೆ ಅಧಿಕಾರಿಗಳ ಮುಂದೆ ಎರಡು ಬಗೆಯ ರಿವಾಲ್ವರ್‌ಗಳಿದ್ದವು. ಒಂದು ಅಮೆರಿಕದ ಕೋಲ್ಟ್ ನೇವಿ. ಅದರ ನಳಿಗೆಯ ಒಳವ್ಯಾಸ .36 ಅಂಗುಲ, ಸೀಸದ ಗುಂಡಿನ ತೂಕ ಸುಮಾರು 5 ಗ್ರಾಂ, ಪಿಸ್ತೂಲಿನದೋ ಒಂದು ಕಿಲೋಗೂ ಮೀರಿದ ತೂಕ. ಅಷ್ಟು ಭಾರದ ಉಕ್ಕಿನ ಹಿಂದೆ ಅಷ್ಟು ಹಗುರ ಗುಂಡು ಇದ್ದುದರಿಂದ ಕೈಗೆ ಒದೆತವೇ ತಿಳಿಯುತ್ತಿರಲಿಲ್ಲ. ಗುರಿಯೂ ಚೆನ್ನಾಗಿ ಕೂರುತ್ತಿತ್ತು. ಇನ್ನೊಂದು, ಲಂಡನ್ನಿನ ರಾಬರ್ಟ್ ಆಡಮ್ಸ್ 1851ರಲ್ಲಿ ತಂದ ಐದು ಗುಂಡಿನ ಪಿಸ್ತೂಲು. ಅದರ ನಳಿಗೆ .44 ಅಂಗುಲದ ಆಸುಪಾಸಿನದು, ಗುಂಡು ದಪ್ಪ. 1856ರಲ್ಲಿ ಬ್ಯೂಮಾಂಟ್ ಎಂಬ ಎಂಜಿನಿಯರ್ ದಳದ ಅಧಿಕಾರಿ ಅದರ ಕುದುರೆಯನ್ನು, ಅಂದರೆ ಮದ್ದು ಸಿಡಿಸುವ ಕೊಡತಿಯನ್ನು, ಸುಧಾರಿಸಿದ ಮೇಲೆ, ಕುದುರೆಯನ್ನು ಬೆರಳಿನಿಂದ ಹಿಂದಕ್ಕೆಳೆದು ನಿಧಾನವಾಗಿ ಗುರಿಯಿಡಲೂ ಬರುತ್ತಿತ್ತು, ಅವಸರದಲ್ಲಿ ಒಂದೇ ಎಳೆತಕ್ಕೆ ಹಾರಿಸಲೂ ಬರುತ್ತಿತ್ತು.

ಬಂಗಾಳ ಸೈನ್ಯದ ಅಧಿಕಾರಿ ಜಾರ್ಜ್ ಫಾಸ್ಬರಿ ಆಮೇಲೆ ಹೇಳಿದ ಒಂದು ಪ್ರಸಂಗ ಪಿಸ್ತೂಲಿನ ಚರಿತ್ರೆ ಬರೆದವರೆಲ್ಲರ ಪುಸ್ತಕದಲ್ಲೂ ಸಿಗುತ್ತದೆ. ತನ್ನ ಗುರಿಯ ಬಗ್ಗೆ ಹೆಮ್ಮೆಪಡುತ್ತಿದ್ದ ಅಧಿಕಾರಿಯೊಬ್ಬ ಕೈಯಲ್ಲಿ ಕೋಲ್ಟ್ ಹಿಡಿದು, ಕತ್ತಿ ಬೀಸುತ್ತ ಬಂದ ಸಿಪಾಯಿಗೆ ಎದುರಾದ. ಹಾರಿಸಿದ ಆರು ಗುಂಡುಗಳಲ್ಲಿ ಐದು ಎದೆಗೇ ತಾಗಿದವು. ಸಿಪಾಯಿ ಆದರೂ ನಿಲ್ಲದೆ ಬಂದು ಆ ಅಧಿಕಾರಿಯ ತಲೆ ಸೀಳಿದ. ಇಬ್ಬರೂ ಅಲ್ಲೇ ಬಿದ್ದರು. ಸೈನ್ಯ ಈ ಒಂದು ಕಥೆಯಿಂದಲೇ ತೀರ್ಮಾನಕ್ಕೆ ಬರಲಿಲ್ಲ. ಆದರೆ ಇಂಥವೇ ಅನುಭವಗಳು ಒಟ್ಟುಗೂಡಿ ಬ್ರಿಟಿಷ್ ಅಧಿಕಾರಿಗಳ ಮನಸ್ಸಿನಲ್ಲಿ ಒಂದು ನಂಬಿಕೆಯನ್ನು ಆಳವಾಗಿ ಊರಿದವು: ಗುಂಡು ದಪ್ಪವಾಗಿರಬೇಕು, ಭಾರವಾಗಿರಬೇಕು. ಆ ನಂಬಿಕೆ ಅಲುಗಾಡಲು ಎಪ್ಪತ್ತು ವರ್ಷಕ್ಕೂ ಹೆಚ್ಚು ಕಾಲ ಬೇಕಾಯಿತು.

ಒದೆತದ ಲೆಕ್ಕ ಸರಳ. ಗುಂಡಿನ ತೂಕವನ್ನು ಅದರ ವೇಗದಿಂದ ಗುಣಿಸಿದರೆ ಎಷ್ಟು ಬರುತ್ತದೋ ಅಷ್ಟೇ ಆವೇಗ ಪಿಸ್ತೂಲಿಗೆ ಹಿಂದಕ್ಕೆ ಸಿಗುತ್ತದೆ. ಅದನ್ನು ಪಿಸ್ತೂಲಿನ ತೂಕದಿಂದ ಭಾಗಿಸಿದರೆ ಪಿಸ್ತೂಲು ಅಂಗೈಯನ್ನು ಯಾವ ವೇಗದಲ್ಲಿ ತಳ್ಳುತ್ತದೆಂದು ಗೊತ್ತಾಗುತ್ತದೆ. ಗುಂಡಿನ ಹಿಂದೆಯೇ ನಳಿಗೆಯಿಂದ ಹೊರನುಗ್ಗುವ ಅನಿಲವೂ ಇದಕ್ಕೆ ತನ್ನ ಪಾಲು ಸೇರಿಸುತ್ತದೆ. ನಳಿಗೆ ಕೈಗಿಂತ ಎಷ್ಟು ಮೇಲಿದೆ, ಹಿಡಿ ಅಂಗೈ ತುಂಬುತ್ತದೆಯೇ ಇಲ್ಲವೇ ಎಂಬುದರ ಮೇಲೆ ಪಿಸ್ತೂಲಿನ ಮೂತಿ ಎಷ್ಟು ಮೇಲಕ್ಕೆ ಎಗರುತ್ತದೆಂಬುದು ನಿಂತಿದೆ. ಭಾರದ ಗುಂಡು ನಿಧಾನವಾಗಿ ಹೊರಟರೆ ಕೈಗೆ ದೂಡಿದಂತಾಗುತ್ತದೆ. ಹಗುರ ಗುಂಡು ಅತಿ ವೇಗದಲ್ಲಿ ಹೊರಟರೆ ಚಟ್ಟನೆ ಹೊಡೆದಂತೆ ಅನುಭವವಾಗುತ್ತದೆ. ಹತ್ತೊಂಬತ್ತನೆಯ ಶತಮಾನದ ಇಂಗ್ಲಿಷ್ ತಯಾರಕರು ಗುಂಡು ಭಾರವಾಗಿರಲಿ, ವೇಗ ಕಡಿಮೆಯಿರಲಿ ಎಂಬ ದಾರಿ ಹಿಡಿದರು.

ಲೋಹದ ತೋಟಾ ಬಂದ ಮೇಲೆ, 1868ರಲ್ಲಿ, .450 ಅಂಗುಲದ ಆಡಮ್ಸ್ ತೋಟಾ ಸೈನ್ಯ ಸೇರಿತು. 1880ರ ಎನ್‌ಫೀಲ್ಡ್ ರಿವಾಲ್ವರ್ ಇನ್ನೂ ದಪ್ಪದ .476ಕ್ಕೆ ಹೋಯಿತು. ಖಾಲಿ ತೋಟಾಗಳನ್ನು ಹೊರಹಾಕುವುದರಲ್ಲಿ ಅದು ತೊಂದರೆ ಕೊಡುತ್ತಿದ್ದುದರಿಂದ 1887ರಲ್ಲಿ ಬರ್ಮಿಂಗ್‌ಹ್ಯಾಮಿನ ವೆಬ್ಲಿ ಕಂಪನಿಯ ರಿವಾಲ್ವರ್ ಅದರ ಜಾಗಕ್ಕೆ ಬಂತು. ನಳಿಗೆಯನ್ನು ಕೆಳಕ್ಕೆ ಬಾಗಿಸಿದರೆ ಆರೂ ಖಾಲಿ ತೋಟಾಗಳು ಒಮ್ಮೆಗೇ ಹೊರಬೀಳುವ ಈ ಪಿಸ್ತೂಲೇ ದಂಡಿನ ಅಧಿಕಾರಿಗಳ ಸೊಂಟದ ಮೇಲೆ ಮುಂದಿನ ಅರ್ಧ ಶತಮಾನ ಉಳಿಯಿತು. ಅದರ ತೋಟಾ .455. ಗುಂಡಿನ ತೂಕ ಸುಮಾರು 17 ಗ್ರಾಂ, ವೇಗ ಸೆಕೆಂಡಿಗೆ 180ರಿಂದ 190 ಮೀಟರ್. ವೇಗದಲ್ಲಿ ಅದು ಮಂದ. ಆ ಮಂದಗತಿಯನ್ನು ಬೇಕೆಂದೇ ಆರಿಸಿದ್ದರು. ಅಷ್ಟು ಭಾರದ ಗುಂಡಿಗೆ ಹೆಚ್ಚು ವೇಗ ಕೊಟ್ಟಿದ್ದರೆ ಕುದುರೆಯ ಮೇಲೆ ಕುಳಿತು ಒಂದೇ ಕೈಯಲ್ಲಿ ಹಾರಿಸುವ ಅಧಿಕಾರಿಗೆ ಎರಡನೆಯ ಗುಂಡಿನ ಗುರಿ ಸಿಗುತ್ತಲೇ ಇರಲಿಲ್ಲ.

1890ರ ದಶಕದಲ್ಲಿ ಕರಿಮದ್ದಿನ ಬದಲು ಹೊಗೆಯಿಲ್ಲದ ಕಾರ್ಡೈಟ್ ಬಂತು. ಕಾರ್ಡೈಟಿಗೆ ತೋಟಾದೊಳಗೆ ಬಹಳ ಕಡಿಮೆ ಜಾಗ ಸಾಕು. ಉಳಿದ ಖಾಲಿ ಜಾಗದಲ್ಲಿ ಮದ್ದು ಅತ್ತಿತ್ತ ಸರಿದಾಡಿ ಒಮ್ಮೆ ಒಂದು ಬಗೆ, ಇನ್ನೊಮ್ಮೆ ಇನ್ನೊಂದು ಬಗೆ ಉರಿಯುತ್ತಿದ್ದುದರಿಂದ ತೋಟಾದ ಹಿತ್ತಾಳೆ ಕೋಶವನ್ನೇ ಗಿಡ್ಡ ಮಾಡಿದರು. ಗಾತ್ರ ಹೀಗೆ ಕುಗ್ಗಿದರೂ ಗುಂಡಿನ ತೂಕವನ್ನಾಗಲಿ ವೇಗವನ್ನಾಗಲಿ ಯಾರೂ ಏರಿಸಲು ಹೋಗಲಿಲ್ಲ. ಹೊಸ ಮದ್ದಿನ ಶಕ್ತಿ ಕೈಯಲ್ಲಿದ್ದೂ ಹಳೆಯ ಒದೆತದ ಮಟ್ಟವನ್ನೇ ಉಳಿಸಿಕೊಂಡದ್ದು ಅಂದಿನ ಸೈನ್ಯ ಮಾಡಿದ ವಿವೇಕದ ಆಯ್ಕೆ. ಈ ಅಂಶಕ್ಕೆ ಚರಿತ್ರೆಯಲ್ಲಿ ಸಿಗಬೇಕಾದಷ್ಟು ಗಮನ ಸಿಕ್ಕಿಲ್ಲ.

ಅಧಿಕಾರಿಗಳು ತಮ್ಮ ಪಿಸ್ತೂಲನ್ನು ತಾವೇ ಕೊಳ್ಳಬೇಕಿತ್ತು. ವೆಬ್ಲಿಯೇ ಆಗಬೇಕೆಂಬ ಕಟ್ಟಳೆ ಇರಲಿಲ್ಲ. ಸರ್ಕಾರಿ ತೋಟಾ ಅದರಲ್ಲಿ ಕೂರಬೇಕೆಂಬುದೇ ಮುಖ್ಯ ಷರತ್ತು. ಬೆಂಗಳೂರಿನಿಂದ ವಾಯವ್ಯ ಗಡಿಗೆ ಹೊರಟ ಅಧಿಕಾರಿಯೊಬ್ಬ ದಾರಿಯಲ್ಲಿ ಯಾವ ದಂಡಿಗೆ ಹೋದರೂ ಅವನಿಗೆ ಸಿಗುವುದು ಸರ್ಕಾರಿ ಮದ್ದುಮನೆಯ ತೋಟಾ ಮಾತ್ರ; ಬೇರೆ ಅಳತೆಯ ಚಂದದ ಪಿಸ್ತೂಲು ಹೊತ್ತರೆ ಅದು ಕೆಲವೇ ದಿನಗಳಲ್ಲಿ ಬರಿಯ ಕಬ್ಬಿಣವಾಗುತ್ತಿತ್ತು. ಮೊದಲು ತೋಟಾ ನಿಶ್ಚಯವಾಗುತ್ತಿತ್ತು, ಪಿಸ್ತೂಲು ಅದನ್ನು ಹಿಂಬಾಲಿಸುತ್ತಿತ್ತು. ಭಾರತದ ಶಸ್ತ್ರಾಸ್ತ್ರ ಕಾನೂನಿನಲ್ಲಿ ಇದೇ ತರ್ಕ ತಲೆಕೆಳಗಾಗಿ ಮರಳಿ ಬಂದದ್ದನ್ನು ಮುಂದೆ ನೋಡಬಹುದು.

ಷರತ್ತು ಎಲ್ಲೆಡೆ ಒಂದೇ ಬಿಗಿಯಲ್ಲಿ ನಡೆಯಲಿಲ್ಲ ಎಂಬುದಕ್ಕೆ ಬೆಂಗಳೂರಿನ ದಂಡಿನಲ್ಲೇ ಹೆಸರಾಂತ ಸಾಕ್ಷಿಯಿದೆ. 4ನೇ ಹುಸಾರ್ಸ್ ಕುದುರೆ ದಳದ ಕಿರಿಯ ಅಧಿಕಾರಿ ವಿನ್‌ಸ್ಟನ್ ಚರ್ಚಿಲ್ 1896ರ ಅಕ್ಟೋಬರಿನಲ್ಲಿ ಬೆಂಗಳೂರಿಗೆ ಬಂದ. ಮುಂಬಯಿಯ ಸಸೂನ್ ಡಾಕಿನಲ್ಲಿ ದೋಣಿಯಿಂದ ಇಳಿಯುವಾಗ ಗೋಡೆಯ ಕಬ್ಬಿಣದ ಬಳೆ ಹಿಡಿದ ಹೊತ್ತಿಗೇ ಅಲೆ ಇಳಿದು ದೋಣಿ ಕೆಳಕ್ಕೆ ಜಾರಿ, ಅವನ ಬಲ ಭುಜದ ಕೀಲು ಉಳುಕಿತ್ತು. ಆ ಭುಜ ಬದುಕಿಡೀ ಸರಿಹೋಗಲಿಲ್ಲ. ದಂಡಿನಲ್ಲಿ ಪೋಲೊ ಆಡುವಾಗ ತೋಳನ್ನು ಮೈಗೆ ಪಟ್ಟಿ ಕಟ್ಟಿಕೊಂಡು ಆಡುತ್ತಿದ್ದ. ಕತ್ತಿಯನ್ನು ಜೋರಾಗಿ ಬೀಸಿದರೆ ಕೀಲು ಮತ್ತೆ ಕಳಚುವ ಭಯ ಇದ್ದದ್ದರಿಂದ, ಕೈಗೆ ಕೈ ತಾಗುವ ಕಾಳಗ ಬಂದರೆ ಪಿಸ್ತೂಲನ್ನೇ ನಂಬಬೇಕೆಂದು ನಿಶ್ಚಯಿಸಿದ. ಲಂಡನ್ನಿನ ವೆಸ್ಟ್ಲಿ ರಿಚರ್ಡ್ಸ್ ಅಂಗಡಿಯಲ್ಲಿ ಜರ್ಮನಿಯ ಹೊಸ ಮೌಸರ್ ಪಿಸ್ತೂಲು ಕೊಂಡ. ಅದರ ಗುಂಡು 7.63 ಮಿಲಿಮೀಟರಿನದು, ತೂಕ ಐದೂವರೆ ಗ್ರಾಂ. ಒಮ್ಮೆ ತುಂಬಿದರೆ ಹತ್ತು ಗುಂಡು. 1898ರ ಸೆಪ್ಟೆಂಬರ್ 2ರಂದು ಸುಡಾನಿನ ಓಮ್‌ಡುರ್ಮನ್‌ನಲ್ಲಿ 21ನೇ ಲ್ಯಾನ್ಸರ್ಸ್ ದಳದ ಜೊತೆ ನುಗ್ಗುವಾಗ ಕತ್ತಿಯನ್ನು ಒರೆಗೆ ಸೇರಿಸಿ ಈ ಪಿಸ್ತೂಲು ಹಿಡಿದ. ತಾನು ಬದುಕಿ ಬಂದದ್ದು ಆ ಆಯ್ಕೆಯಿಂದ ಎಂದೇ ಮುಂದೆ ಬರೆದುಕೊಂಡ. ಮೌಸರಿನ ತೂಕವೂ ವೆಬ್ಲಿಯಷ್ಟೇ ಇತ್ತು, ಆದರೆ ಕೈಯನ್ನು ಹಿಂದಕ್ಕೆ ತಳ್ಳುವ ಆವೇಗ ವೆಬ್ಲಿಯ ಮುಕ್ಕಾಲು ಭಾಗ ಮಾತ್ರ. ಮೈಯಲ್ಲಿ ನೋವಿರುವವನಿಗೆ ಆ ಕಾಲು ಭಾಗದ ಉಳಿತಾಯ ದೊಡ್ಡದು.

ದಪ್ಪ ಗುಂಡಿನ ಮೇಲಿದ್ದ ನಂಬಿಕೆ ಇನ್ನೊಂದು ದಿಕ್ಕಿಗೂ ಹೊರಳಿತು. ಒದೆತ ಹೆಚ್ಚಿಸದೆಯೇ ಪೆಟ್ಟು ಹೆಚ್ಚಿಸುವ ಉಪಾಯವೆಂದರೆ ಮೈಗೆ ತಾಗಿದೊಡನೆ ಅರಳುವ ಗುಂಡು. ಕಲ್ಕತ್ತೆಯ ಬಳಿಯ ದಮ್ ದಮ್ ಕಾರ್ಖಾನೆಯಲ್ಲಿ ರೈಫಲ್ಲಿಗೆಂದು ಮಾಡಿದ ಅಂಥ ಗುಂಡು ಆ ಊರಿನ ಹೆಸರನ್ನು ಜಗತ್ತಿಗೆಲ್ಲ ಕೆಟ್ಟ ಕಾರಣಕ್ಕೆ ಪರಿಚಯಿಸಿತು. 1898ರಲ್ಲಿ .455 ರಿವಾಲ್ವರಿಗೂ ಎರಡೂ ತುದಿಯಲ್ಲಿ ಕುಳಿಯಿದ್ದ, 14 ಗ್ರಾಂ ತೂಕದ ಸೀಸದ ಗುಂಡು ಬಂತು. ಹಳೆಯದಕ್ಕಿಂತ ಮೂರು ಗ್ರಾಂ ಹಗುರವಾದ ಈ ಗುಂಡು ಮೈಯೊಳಗೆ ಮಾಡುತ್ತಿದ್ದ ಗಾಯ ಘೋರವಾದದ್ದು. 1899ರ ಜುಲೈಯಲ್ಲಿ ಹೇಗ್ ನಗರದ ಸಮ್ಮೇಳನ ಇಂಥ ಗುಂಡುಗಳನ್ನು ಯುದ್ಧದಿಂದ ಹೊರಗಿಟ್ಟಿತು. ಕೆಲವೇ ವರ್ಷಗಳಲ್ಲಿ ಸೈನ್ಯ ಅದನ್ನು ಕೈಬಿಟ್ಟು ಹಳೆಯ ದುಂಡು ಮೂತಿಯ ಗುಂಡಿಗೆ ಮರಳಿತು. ಕೈಗೆ ಹಗುರವಾಗುವ ಸಲುವಾಗಿ ಎದುರಿನವನ ಸಂಕಟವನ್ನು ಹೆಚ್ಚಿಸುವ ದಾರಿ ಮುಚ್ಚಿಹೋದದ್ದು ಮನುಷ್ಯತ್ವದ ದೃಷ್ಟಿಯಿಂದ ಒಳ್ಳೆಯದೇ ಆಯಿತು.

ತೋಟಾ ಬದಲಿಸಲಾಗದಿದ್ದರೆ ಪಿಸ್ತೂಲನ್ನೇ ಬದಲಿಸಿ ಒದೆತವನ್ನು ನುಂಗಿಸುವ ಯತ್ನವೂ ನಡೆಯಿತು. ಅದನ್ನು ಮಾಡಿದವನು ಕೋಲ್ಟಿನ ಪ್ರಸಂಗ ಹೇಳಿದ ಅದೇ ಫಾಸ್ಬರಿ. ವಾಯವ್ಯ ಗಡಿಯ ಅಂಬೇಲಾ ಕಾಳಗದಲ್ಲಿ 1863ರಲ್ಲಿ ವಿಕ್ಟೋರಿಯಾ ಕ್ರಾಸ್ ಪಡೆದ ಈ ಅಧಿಕಾರಿ ನಿವೃತ್ತಿಯ ನಂತರ, 1895ರಲ್ಲಿ, ಹೊಸ ಬಗೆಯ ರಿವಾಲ್ವರಿಗೆ ಪೇಟೆಂಟ್ ಪಡೆದ. ಅದರ ನಳಿಗೆ ಮತ್ತು ತಿರುಗುವ ಉರುಳೆ ಹಿಡಿಯ ಮೇಲೆ ಹಿಂದಕ್ಕೆ ಜಾರುತ್ತವೆ. ಉರುಳೆಯ ಮೈಮೇಲಿನ ಅಂಕುಡೊಂಕಿನ ತೋಡೊಂದು ಜಾರುವಾಗಲೇ ಅದನ್ನು ಮುಂದಿನ ಗುಂಡಿಗೆ ತಿರುಗಿಸುತ್ತದೆ, ಕುದುರೆಯೂ ತಾನಾಗಿ ಎಳೆದು ನಿಲ್ಲುತ್ತದೆ. .455ರ ಪೂರ್ಣ ಬಲದ ತೋಟಾ ಹಾಕಿದರೂ ಕೈಗೆ ತಾಗುವ ಒದೆತ ಮೃದು, ಕುದುರೆಯ ಎಳೆತ ಹಗುರ. ವೆಬ್ಲಿ ಕಂಪನಿ ಈ ಪಿಸ್ತೂಲನ್ನು 20ನೇ ಶತಮಾನದ ಮೊದಲ ವರ್ಷಗಳಲ್ಲಿ ಮಾರುಕಟ್ಟೆಗೆ ತಂತು. ಗುರಿಕಾರರು ಮೆಚ್ಚಿದರು; ಸೈನ್ಯ ಒಪ್ಪಲಿಲ್ಲ. ಹಿಡಿತ ಸ್ವಲ್ಪ ಸಡಿಲವಾದರೆ ನಳಿಗೆ ಪೂರ್ತಿ ಹಿಂದೆ ಸರಿಯದೆ ಪಿಸ್ತೂಲು ನಿಂತುಬಿಡುತ್ತಿತ್ತು. ಧೂಳು, ಕೆಸರು ತೋಡಿನಲ್ಲಿ ಕೂತರೂ ಅದೇ ಗತಿ. ಒದೆತ ತಾಳಲಾರದವನಿಗಾಗಿಯೇ ಮಾಡಿದ ಪಿಸ್ತೂಲು ನಡೆಯಬೇಕಾದರೆ ಬಿಗಿ ಹಿಡಿತವೇ ಬೇಕಾಗಿತ್ತು. ಮೊದಲನೆಯ ಮಹಾಯುದ್ಧದ ಕಂದಕಗಳ ಕೆಸರಿನಲ್ಲಿ ಅದಕ್ಕೆ ಭವಿಷ್ಯ ಇರಲಿಲ್ಲ.

ಇದೇ ಹೊತ್ತಿಗೆ ಅಮೆರಿಕ ಎದುರು ದಿಕ್ಕಿನಲ್ಲಿ ಸಾಗಿತ್ತು. ಒದೆತ ಕಡಿಮೆಯೆಂದು ಅಲ್ಲಿನ ಸೈನ್ಯ 1890ರ ದಶಕದಲ್ಲಿ .38ಕ್ಕೆ ಇಳಿದಿತ್ತು. ಫಿಲಿಪ್ಪೀನ್ಸಿನ ಮೊರೊ ಹೋರಾಟಗಾರರ ಎದುರು ಆ ಗುಂಡು ಸಾಲದೆ ಹೋಯಿತು. 1904ರಲ್ಲಿ ಥಾಂಪ್ಸನ್ ಮತ್ತು ಲಗಾರ್ಡ್ ಎಂಬಿಬ್ಬರು ಅಧಿಕಾರಿಗಳು ಷಿಕಾಗೋದ ಕಸಾಯಿಖಾನೆಗಳ ದನಗಳ ಮೇಲೆ ಬೇರೆ ಬೇರೆ ಗುಂಡುಗಳನ್ನು ಪರೀಕ್ಷಿಸಿ .45ಕ್ಕಿಂತ ಕಡಿಮೆ ಬೇಡ ಎಂದರು. ಆ ಶಿಫಾರಸಿನಿಂದ 1911ರ ಕೋಲ್ಟ್ ಪಿಸ್ತೂಲು ಬಂತು. ಅಮೆರಿಕನ್ನರು ಐವತ್ತು ವರ್ಷ ತಡವಾಗಿ ಕಲಿತದ್ದು 1857ರ ಪಾಠವನ್ನೇ.

ಬ್ರಿಟಿಷ್ ಸೈನ್ಯದಲ್ಲಿ 1915ರ ಮೇ ತಿಂಗಳಿಗೆ ವೆಬ್ಲಿಯ ಆರನೆಯ ಮಾದರಿ ಬಂತು. ನಳಿಗೆಯ ಉದ್ದ ಆರು ಅಂಗುಲ, ತೂಕ ಸುಮಾರು 1.1 ಕಿಲೋ, ತೋಟಾ ಅದೇ .455. ದೊಡ್ಡ ನಳಿಗೆಯ ಸೈನಿಕ ರಿವಾಲ್ವರ್‌ಗಳಲ್ಲಿ ಇದಕ್ಕಿಂತ ಗಟ್ಟಿಮುಟ್ಟಾದದ್ದು ಇನ್ನೊಂದಿಲ್ಲ ಎಂದರೆ ಅತಿಶಯವಲ್ಲ. ಆದರೆ ಯುದ್ಧ ಬೇರೆ ಪ್ರಶ್ನೆ ಎತ್ತಿತು. ಲಕ್ಷಾಂತರ ಹೊಸಬರು ಸೈನ್ಯ ಸೇರಿದ್ದರು. ಪಿಸ್ತೂಲಿನ ಅಭ್ಯಾಸಕ್ಕೆ ಅವರಿಗೆ ಸಿಗುತ್ತಿದ್ದದ್ದು ಸ್ವಲ್ಪ ದಿನ, ಸ್ವಲ್ಪ ತೋಟಾ. ವರ್ಷಗಟ್ಟಲೆ ಹಾರಿಸಿ ಕೈ ಪಳಗಿದ ಹಳೆಯ ಅಧಿಕಾರಿಗೆ ಒಗ್ಗಿದ ವೆಬ್ಲಿ ಹೊಸಬನ ಕೈಯಲ್ಲಿ ಗುರಿ ತಪ್ಪುತ್ತಿತ್ತು. ಹಾರಿಸುವ ಮುನ್ನವೇ ಒದೆತಕ್ಕೆ ಅಂಜಿ ಕೈ ಕುಗ್ಗಿಸುವುದು ಹೊಸಬರೆಲ್ಲರ ರೋಗ; ಗುಂಡು ಕೆಳಕ್ಕೆ ಹೋಗುತ್ತದೆ. ತಾಗದ ದಪ್ಪ ಗುಂಡಿಗಿಂತ ತಾಗುವ ಸಣ್ಣ ಗುಂಡು ಮೇಲು ಎಂಬ ಮಾತಿಗೆ 1920ರ ದಶಕದಲ್ಲಿ ಬೆಲೆ ಬಂತು.

ಆಗ ಆರಿಸಿದ್ದು .38 ಅಂಗುಲದ ತೋಟಾ. ಗುಂಡಿನ ತೂಕ 13 ಗ್ರಾಂ. ಆ ನಳಿಗೆಗೆ ಇದು ಬಹಳ ಭಾರ. ವೇಗ ಸೆಕೆಂಡಿಗೆ 190 ಮೀಟರಿನ ಆಸುಪಾಸು, ಅಂದರೆ .455ರಷ್ಟೇ. ಹಳೆಯ ತತ್ತ್ವ ಬಿಡದೆ, ಅಳತೆಯನ್ನಷ್ಟೇ ಇಳಿಸಿದರು. ಇದಕ್ಕೆಂದು ಮಾಡಿದ ಎನ್‌ಫೀಲ್ಡ್ ನಂ. 2 ರಿವಾಲ್ವರ್ 1932ರಲ್ಲಿ ಸೈನ್ಯ ಸೇರಿತು. ವೆಬ್ಲಿಯ ನಾಲ್ಕನೆಯ ಮಾದರಿಯ .38 ಪಿಸ್ತೂಲೂ ಜೊತೆಗೇ ಬಳಕೆಗೆ ಬಂತು. ಮೆತ್ತಗಿನ ಸೀಸದ ಗುಂಡು ಹೇಗ್ ಒಪ್ಪಂದಕ್ಕೆ ವಿರುದ್ಧವಾದೀತೆಂಬ ಅನುಮಾನದಿಂದ 1938ರಲ್ಲಿ ಅದರ ಬದಲು ತಾಮ್ರಮಿಶ್ರ ಲೋಹದ ಹೊದಿಕೆಯ, ಹನ್ನೊಂದೂವರೆ ಗ್ರಾಂ ತೂಕದ ಗುಂಡು ಬಂತು.

ಈ ಇಳಿಕೆಯಿಂದ ಒದೆತ ಎಷ್ಟು ತಗ್ಗಿತು? ಅನಿಲದ ಪಾಲನ್ನು ಬದಿಗಿಟ್ಟು ಲೆಕ್ಕ ಹಾಕಿದರೆ, 1.1 ಕಿಲೋದ ವೆಬ್ಲಿ .455 ತೋಟಾ ಸಿಡಿದಾಗ ಸೆಕೆಂಡಿಗೆ ಹತ್ತಿರ ಹತ್ತಿರ 3 ಮೀಟರ್ ವೇಗದಲ್ಲಿ ಹಿಂದಕ್ಕೆ ಹೊರಡುತ್ತದೆ. ಎನ್‌ಫೀಲ್ಡಿನ ಆವೇಗ ಕಾಲು ಭಾಗದಷ್ಟು ಕಡಿಮೆ. ಆದರೆ ಆ ಪಿಸ್ತೂಲಿನ ತೂಕ 780 ಗ್ರಾಂ ಮಾತ್ರ. ಹಾಗಾಗಿ ಅದೂ ಹೊರಡುವುದು 3 ಮೀಟರಿಗಿಂತ ತುಸು ಹೆಚ್ಚು ವೇಗದಲ್ಲೇ! ತೋಟಾದಲ್ಲಿ ಉಳಿದ ಲಾಭದ ಬಹುಪಾಲನ್ನು ಪಿಸ್ತೂಲನ್ನು ಹಗುರ ಮಾಡುವುದಕ್ಕೆ ಖರ್ಚು ಮಾಡಿದ್ದರು. ಒಟ್ಟು ಶಕ್ತಿ ಸ್ವಲ್ಪ ಕಡಿಮೆಯಾಯಿತು, ನಿಜ. ಹೊಸಬನಿಗೆ ಹೆಚ್ಚು ನೆರವಾದದ್ದು ಚಾಚಿದ ಕೈಗೆ ಭಾರವೆನಿಸದ ತೂಕ ಮತ್ತು ಬೆರಳಿಗೆ ಎಟಕುವ ಸಣ್ಣ ಹಿಡಿ. ಒದೆತ ಮೊದಲಿನ ಮಟ್ಟದಲ್ಲೇ ನಿಂತಿತು, ಏಕೆಂದರೆ ಆ ಮಟ್ಟ ಕೈ ತಾಳುವಂಥದ್ದೇ ಆಗಿತ್ತು. ದೊಡ್ಡ ಪಿಸ್ತೂಲಿನ ಚರಿತ್ರೆಯಲ್ಲಿ ಈ 3 ಮೀಟರಿನ ಸಂಖ್ಯೆ ಮತ್ತೆ ಮತ್ತೆ ಎದುರಾಗುತ್ತದೆ. ಅಮೆರಿಕದ 1911ರ .45 ಕೋಲ್ಟಿಗೂ ಲೆಕ್ಕ ಅದರಿಂದ ಬಹಳ ದೂರ ಹೋಗುವುದಿಲ್ಲ.

ಸ್ವಾತಂತ್ರ್ಯದ ನಂತರ ಭಾರತೀಯ ಸೈನ್ಯಕ್ಕೆ ಹಳೆಯ .38 ರಿವಾಲ್ವರ್‌ಗಳು ಉಳಿದವು; ಕ್ರಮೇಣ ಅವುಗಳ ಜಾಗಕ್ಕೆ 9 ಮಿಲಿಮೀಟರ್ ಪಿಸ್ತೂಲು ಬಂತು. ಪೊಲೀಸರ ಸೊಂಟದ ಮೇಲೆ .38 ಇನ್ನೂ ಬಹುಕಾಲ ಇತ್ತು. ಪುಣೆಯ ಬಳಿಯ ಖಡಕಿ ಮದ್ದುಗುಂಡು ಕಾರ್ಖಾನೆ ಅದಕ್ಕೆ ತೋಟಾ ಮಾಡುತ್ತಿತ್ತು.

1959ರ ಶಸ್ತ್ರಾಸ್ತ್ರ ಕಾಯ್ದೆ 1962ರ ಅಕ್ಟೋಬರಿನಿಂದ ಜಾರಿಗೆ ಬಂತು. ಅದರ ಜೊತೆಗಿನ ನಿಯಮಗಳು ಸಾಮಾನ್ಯ ಪರವಾನಗಿಗೆ ಸಿಗದ ಅಳತೆಗಳನ್ನು ಪಟ್ಟಿ ಮಾಡಿದವು. ಪಿಸ್ತೂಲು, ರಿವಾಲ್ವರ್‌ಗಳ ವಿಷಯಕ್ಕೆ ಬಂದಾಗ ಆ ಪಟ್ಟಿ ಯಾವ ಮಾದರಿಯ ಹೆಸರನ್ನೂ ಎತ್ತುವುದಿಲ್ಲ. .380 (ಸೈನ್ಯದ .38) ಅಥವಾ .455ರ ಅಂಚಿನ ತೋಟಾ, ಸೈನ್ಯದ 9 ಮಿಲಿಮೀಟರ್ ತೋಟಾ, ಅಂಚಿಲ್ಲದ .45 ತೋಟಾ ಇವುಗಳಲ್ಲಿ ಯಾವುದನ್ನಾದರೂ ತುಂಬಿ ಹಾರಿಸಬಲ್ಲ ಯಾವುದೇ ಪಿಸ್ತೂಲು ನಿಷೇಧಿತ ಎಂದು ಹೇಳುತ್ತದೆ. ದಂಡಿನ ಅಧಿಕಾರಿಯ ಪಿಸ್ತೂಲಿನಲ್ಲಿ ಸರ್ಕಾರಿ ತೋಟಾ ಕೂರಲೇಬೇಕಿತ್ತು. ಸ್ವತಂತ್ರ ಭಾರತದ ನಾಗರಿಕನ ಪಿಸ್ತೂಲಿನಲ್ಲಿ ಅದು ಕೂರಲೇಬಾರದು. ಕದ್ದ ಸರ್ಕಾರಿ ಮದ್ದು ಖಾಸಗಿ ಕೈಗೆ ಉಪಯೋಗಕ್ಕೆ ಬರಬಾರದೆಂಬ ಈ ಮುನ್ನೆಚ್ಚರಿಕೆಯಿಂದ, ದಂಡಿನಲ್ಲಿ ಮೆರೆದ ವೆಬ್ಲಿಯ ಎರಡು ಅಳತೆಗಳೂ ಒಂದೇ ವಾಕ್ಯದಲ್ಲಿ ಜನಸಾಮಾನ್ಯರ ಬಳಕೆಯಿಂದ ಹೊರಬಿದ್ದವು.

ಉಳಿದದ್ದು ಮುಖ್ಯವಾಗಿ .32. ಸ್ಮಿತ್ ಅಂಡ್ ವೆಸನ್ ಕಂಪನಿ 1896ರಲ್ಲಿ ಹೊರತಂದ ಈ ಉದ್ದ ತೋಟಾದ ಗುಂಡು ಆರು ಗ್ರಾಂ ಚಿಲ್ಲರೆ. ಕಾನ್ಪುರದ ಕಾರ್ಖಾನೆ ಇದಕ್ಕೆ ಮಾಡುವ ಆರು ಗುಂಡಿನ ರಿವಾಲ್ವರ್ ವೆಬ್ಲಿಯ ನಾಲ್ಕನೆಯ ಮಾದರಿಯ ವಂಶದ್ದೇ. ಹಾಗೆಯೇ ನಳಿಗೆ ಬಾಗಿಸಿ ತೆರೆಯುತ್ತದೆ. 2014ರ ಜನವರಿಯಲ್ಲಿ ಕಾನ್ಪುರದ ಸರ್ಕಾರಿ ಕಾರ್ಖಾನೆ ಮಹಿಳೆಯರಿಗೆಂದು ‘ನಿರ್ಭೀಕ್’ ಎಂಬ ಹಗುರ ರಿವಾಲ್ವರನ್ನು ಸುಮಾರು 1.22 ಲಕ್ಷ ರೂಪಾಯಿ ಬೆಲೆಗೆ ಹೊರತಂತು. ಟೈಟಾನಿಯಂ ಮಿಶ್ರಲೋಹ ಬಳಸಿದ್ದರಿಂದ ಅದರ ತೂಕ ಅರ್ಧ ಕಿಲೋದ ಆಸುಪಾಸು. ಇಲ್ಲಿಯೂ ಲೆಕ್ಕ ಹಾಕಿದರೆ ಪಿಸ್ತೂಲು ಹಿಂದಕ್ಕೆ ಹೊರಡುವ ವೇಗ 3 ಮೀಟರಿಗೆ ತುಸು ಕಡಿಮೆ. ತೋಟಾ ಸಣ್ಣದಾದ ಮಾತ್ರಕ್ಕೆ ಒದೆತ ಮಾಯವಾಗುವುದಿಲ್ಲ. ಪಿಸ್ತೂಲು ಹಗುರವಾದಷ್ಟೂ ಅದು ಹಿಂದಿರುಗುತ್ತದೆ. ಚೀಲಕ್ಕೆ ಹಗುರವಾದದ್ದು ಕೈಗೂ ಹಗುರವೆಂದು ನಂಬಿ ಕೊಳ್ಳುವವರಿಗೆ ಈ ಮಾತನ್ನು ಯಾರಾದರೂ ಮೊದಲೇ ಹೇಳಬೇಕು. 2023ರ ಆಗಸ್ಟಿನಲ್ಲಿ ಬಂದ ‘ಪ್ರಬಲ್’ ರಿವಾಲ್ವರಿನ ತೂಕ ಮತ್ತೆ 700 ಗ್ರಾಂಗೆ ಏರಿದೆ. ತೋಟಾ ಅದೇ .32, ಉರುಳೆ ಪಕ್ಕಕ್ಕೆ ತೆರೆಯುತ್ತದೆ.

ನಿಜವಾದ ದೊಡ್ಡ ರಿವಾಲ್ವರ್‌ಗಳು ಭಾರತದಲ್ಲಿ ಅಪರೂಪ. .357 ಮ್ಯಾಗ್ನಂ 1935ರಲ್ಲಿ, .44 ಮ್ಯಾಗ್ನಂ 1955ರಲ್ಲಿ ಅಮೆರಿಕದಲ್ಲಿ ಹುಟ್ಟಿದವು. .357 ನಿಷೇಧಿತ ಪಟ್ಟಿಯಲ್ಲಿಲ್ಲ: ಸೈನ್ಯದ .380 ತೋಟಾದ ಕೋಶ ತುಸು ದಪ್ಪ, ಅದರೊಳಗೆ ಕೂರುವುದಿಲ್ಲ. ಆದರೆ 1980ರ ದಶಕದ ಮಧ್ಯದಿಂದ ಖಾಸಗಿಯವರು ವಿದೇಶಿ ಪಿಸ್ತೂಲು ತರಿಸಿಕೊಳ್ಳಲು ಬಹುಮಟ್ಟಿಗೆ ಅವಕಾಶವಿಲ್ಲದ್ದರಿಂದ, ಹಿಂದೆ ಬಂದವೇ ಕೈಯಿಂದ ಕೈಗೆ ದುಬಾರಿ ಬೆಲೆಗೆ ಹೋಗುತ್ತಿವೆ. ಇಂಥ ಪಿಸ್ತೂಲಿನ ದೊಡ್ಡ ಅನುಕೂಲವೆಂದರೆ ಅದು ಎರಡು ಬಲದ ತೋಟಾ ತೆಗೆದುಕೊಳ್ಳುತ್ತದೆ. .357ರಲ್ಲಿ .38 ಸ್ಪೆಷಲ್, .44 ಮ್ಯಾಗ್ನಂನಲ್ಲಿ .44 ಸ್ಪೆಷಲ್ ಕೂರುತ್ತವೆ. ಮ್ಯಾಗ್ನಂ ಎಂದರೆ ಅದೇ ತೋಟಾವನ್ನು ತುಸು ಉದ್ದ ಮಾಡಿ ಹೆಚ್ಚು ಒತ್ತಡಕ್ಕೆ ತುಂಬಿದ್ದು. ಉಲ್ಟಾ ಮಾತ್ರ ಆಗಕೂಡದು. ಉದ್ದದ ತೋಟಾ ಗಿಡ್ಡ ಕೋಣೆಗೆ ಹೋಗದಂತೆ ಮಾಡಲೆಂದೇ ಆ ಉದ್ದ. 1.3 ಕಿಲೋ ತೂಗುವ .44 ರಿವಾಲ್ವರ್ ಪೂರ್ಣ ಬಲದ ತೋಟಾಕ್ಕೆ ಸೆಕೆಂಡಿಗೆ ಸುಮಾರು 5 ಮೀಟರ್ ವೇಗದಲ್ಲಿ ಒದೆಯುತ್ತದೆ. ಸ್ಪೆಷಲ್ ಹಾಕಿದರೆ 3 ಮೀಟರಿಗೂ ಕೆಳಗೆ ಇಳಿಯುತ್ತದೆ. ಶಕ್ತಿಯ ಲೆಕ್ಕದಲ್ಲಿ ವ್ಯತ್ಯಾಸ ಸುಮಾರು ಮೂರು ಪಟ್ಟು. 1887ರಲ್ಲಿ ವೆಬ್ಲಿ ಕಂಡುಕೊಂಡ ಮಟ್ಟಕ್ಕೇ ಅಮೆರಿಕದ ಗುರಿಕಾರರೂ ತಮ್ಮ ದಿನನಿತ್ಯದ ಅಭ್ಯಾಸದಲ್ಲಿ ಬಂದು ನಿಲ್ಲುತ್ತಾರೆ.

ಪ್ರತಿಯೊಂದು ಗುಂಡೂ ಗುರಿಗೆ ತಾಗಲೇಬೇಕಾದ ಸ್ಪರ್ಧೆಯಲ್ಲೂ ಇದೇ ಆಯ್ಕೆ. 25 ಮೀಟರ್ ಸೆಂಟರ್ ಫೈರ್ ಸ್ಪರ್ಧೆಯ ನಿಯಮ 7.62ರಿಂದ 9.65 ಮಿಲಿಮೀಟರ್‌ವರೆಗಿನ ಗುಂಡಿಗೆ ಅವಕಾಶ ಕೊಡುತ್ತದೆ. ಸ್ಪರ್ಧಿಗಳಲ್ಲಿ ಹೆಚ್ಚಿನವರು ಹಿಡಿಯುವುದು ಚಪ್ಪಟೆ ಮೂತಿಯ .32. 1994ರ ಹಿರೋಷಿಮಾ ಏಷ್ಯನ್ ಕ್ರೀಡಾಕೂಟದಲ್ಲಿ ಜಸ್ಪಾಲ್ ರಾಣಾ ಚಿನ್ನ ಗೆದ್ದದ್ದು ಈ ಸ್ಪರ್ಧೆಯಲ್ಲಿ.

ಕರ್ನಾಟಕದಲ್ಲಿ ಕೋವಿಯ ಹಕ್ಕಿನ ಮಾತು ಬಂದಾಗ ಕೊಡಗು ನೆನಪಾಗುತ್ತದೆ. 1861ರ ಫೆಬ್ರುವರಿಯಲ್ಲಿ ಬ್ರಿಟಿಷ್ ಕಮಿಷನರ್ ಮಾರ್ಕ್ ಕಬ್ಬನ್ ಕೊಡವರಿಗೆ ಕೊಟ್ಟ ವಿನಾಯಿತಿ ಇಂದಿಗೂ ಜಾರಿಯಲ್ಲಿದೆ. 2021ರಲ್ಲಿ ಹೈಕೋರ್ಟ್ ಅದನ್ನು ಎತ್ತಿಹಿಡಿಯಿತು. ಆದರೆ ಆ ವಿನಾಯಿತಿ ರೈಫಲ್ಲು ಮತ್ತು ತೋಟಾಕೋವಿಗೆ ಸಂಬಂಧಿಸಿದ್ದು. ರಿವಾಲ್ವರ್ ಬೇಕಾದರೆ ಮಡಿಕೇರಿಯವರೂ ಬೆಂಗಳೂರಿನವರಂತೆ ಪರವಾನಗಿ ಪಡೆಯಲೇಬೇಕು.

ಹಲಸೂರಿನಿಂದ ಪೂರ್ವದ ಹಳ್ಳಿಗಳ ಸೀಮೆಗೆ ಸ್ವಾತಂತ್ರ್ಯದ ನಂತರ ರಕ್ಷಣಾ ಸಂಶೋಧನೆ ಬಂತು. 1930ರಲ್ಲಿ ನೊಬೆಲ್ ಪಡೆದು, 1933ರಲ್ಲಿ ಬೆಂಗಳೂರಿನ ವಿಜ್ಞಾನ ಸಂಸ್ಥೆಗೆ ನಿರ್ದೇಶಕರಾಗಿ ಬಂದ ರಾಮನ್ ಅವರ ಹೆಸರು ಹೊತ್ತ ಈ ನಗರದಲ್ಲಿ ಡಿಆರ್‌ಡಿಒದ ರೇಡಾರ್ ಪ್ರಯೋಗಾಲಯ, ಗ್ಯಾಸ್ ಟರ್ಬೈನ್ ಸಂಶೋಧನಾ ಸಂಸ್ಥೆ, ವೈಮಾನಿಕ ಅಭಿವೃದ್ಧಿ ಸಂಸ್ಥೆ ಸಾಲಾಗಿವೆ. ಯೋಧನ ಮೈಗೆ ಹೊಂದುವ ಉಪಕರಣ ರೂಪಿಸುವ ಜೈವಿಕ ಎಂಜಿನಿಯರಿಂಗ್ ಪ್ರಯೋಗಾಲಯವೂ ಇಲ್ಲಿಯದೇ. ಕೈ ಆಯುಧಗಳ ಕೆಲಸ ಮಾತ್ರ ಡಿಆರ್‌ಡಿಒದ ಪುಣೆಯ ಘಟಕದ್ದು. ಅಲ್ಲಿ ರೂಪುಗೊಂಡ ‘ಜೆವಿಪಿಸಿ’ ಕಾರ್ಬೈನಿಗೆ ಸೈನ್ಯದ ರೈಫಲ್ ತೋಟಾ ಹಾಕದೆ, 5.56 ಮಿಲಿಮೀಟರಿನ ಗುಂಡನ್ನು ಗಿಡ್ಡ ಕೋಶದಲ್ಲಿಟ್ಟು ಒದೆತ ತಗ್ಗಿಸಿದ ಹೊಸ ತೋಟಾವನ್ನೇ ರೂಪಿಸಿದರು. 1890ರ ದಶಕದಲ್ಲಿ .455ರ ಕೋಶವನ್ನು ಕತ್ತರಿಸಿ ಗಿಡ್ಡ ಮಾಡಿದವರ ಕಾರಣ ಬೇರೆ, ಇವರ ಕಾರಣ ಬೇರೆ. ಕೈಗೆ ತಕ್ಕಂತೆ ತೋಟಾ ಎಂಬ ಕ್ರಮ ಒಂದೇ.

ಬೆಂಗಳೂರು ನಗರದಲ್ಲಿ ರಿವಾಲ್ವರ್ ಪರವಾನಗಿ ಕೊಡುವವರು ಪೊಲೀಸ್ ಕಮಿಷನರ್. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಆಯುಧಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಒಮ್ಮೆಗೆ ಎಷ್ಟು ತೋಟಾ, ವರ್ಷಕ್ಕೆ ಎಷ್ಟು ಎಂಬುದು ಪರವಾನಗಿಯ ಪುಸ್ತಕದಲ್ಲೇ ನಮೂದಾಗಿರುತ್ತದೆ. ಕೊಂಡದ್ದನ್ನೆಲ್ಲ ಅಂಗಡಿಯವರು ಅದರಲ್ಲಿ ಬರೆಯುತ್ತಾರೆ. ಚುನಾವಣೆ ಘೋಷಣೆಯಾದರೆ, 2008ರಿಂದ ವಿಧಾನಸಭಾ ಕ್ಷೇತ್ರವೂ ಆಗಿರುವ ಸಿ.ವಿ. ರಾಮನ್ ನಗರದ ಪರವಾನಗಿದಾರರು ನಗರದ ಉಳಿದವರಂತೆ ಪೊಲೀಸರ ಆದೇಶದ ಮೇರೆಗೆ ಆಯುಧವನ್ನು ಠಾಣೆಯಲ್ಲಿ ಒಪ್ಪಿಸುತ್ತಾರೆ. ಇಷ್ಟು ಮಿತಿಯ ತೋಟಾದಲ್ಲಿ ಅಭ್ಯಾಸಕ್ಕೆಂದು ಉಳಿಯುವುದು ಬಹಳ ಕಡಿಮೆ. ಮೊದಲನೆಯ ಮಹಾಯುದ್ಧದ ಹೊಸ ಸೈನಿಕನ ಸ್ಥಿತಿಯಲ್ಲೇ ಇಂದಿನ ಪರವಾನಗಿದಾರರೂ ಇದ್ದಾರೆ. ಸೈನ್ಯವನ್ನು .455ರಿಂದ .38ಕ್ಕೆ ಇಳಿಸಿದ ಕಾರಣ ಅವರಿಗೂ ಹಾಗೆಯೇ ಅನ್ವಯಿಸುತ್ತದೆ: ಕಡಿಮೆ ಅಭ್ಯಾಸದ ಕೈಗೆ ಕಡಿಮೆ ಒದೆತದ ತೋಟಾ, ಮತ್ತು ಅದನ್ನು ಹೊರುವಷ್ಟು ತೂಕದ ಪಿಸ್ತೂಲು.